ಹುಣಸೆಹಣ್ಣಿನಲ್ಲಿ ತೊಳೆದ ಬಂದೂಕು

ಬೆಳಗಿನ ಐದು ಮುಕ್ಕಾಲು. ಜರ್ಮನಿಯ ರೆನ್ನಿಂಗೆನ್ ಪಟ್ಟಣದಿಂದ ಹೊರಟ ಮೊದಲ ಬಸ್ಸು ಪಕ್ಕದ ಹಳ್ಳಿಯ ಚರ್ಚಿನ ಮುಂದೆ ಒಬ್ಬರನ್ನೇ ಇಳಿಸಿ ಮುಂದಕ್ಕೆ ಹೋಗುತ್ತದೆ. ಇಳಿದವರು ಜಯಾ ಅಂಗಡಿ. ಮೊಣಕಾಲು ಮುಟ್ಟುವ ಕೋಟು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಎರಡು ಚಪಾತಿಯ ಡಬ್ಬಿ. ಚರ್ಚಿನ ಹಿಂದಿನ ಓಣಿಯಲ್ಲಿ ನಾಲ್ಕು ನಿಮಿಷ ನಡೆದರೆ ಒಂದು ಹಳೆಯ ಕಲ್ಲಿನ ಕೊಟ್ಟಿಗೆ. ಒಂದು ಕಾಲಕ್ಕೆ ಇಲ್ಲಿ ಹಸು ಕಟ್ಟುತ್ತಿದ್ದರು. ಈಗ ಅದರ ಬಾಗಿಲು ಉಕ್ಕಿನದು, ಬೀಗ ಎರಡು. ಜಯಾ ಬೂಟು ಹೊರಗೇ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಒಳಗೆ ಹೆಜ್ಜೆಯಿಡುತ್ತಾರೆ. ದೀಪ ಹಾಕುತ್ತಾರೆ. ಗೋಡೆಯುದ್ದಕ್ಕೂ ಮರದ ಚೌಕಟ್ಟಿನಲ್ಲಿ ಮೂವತ್ತೆಂಟು ಬಂದೂಕುಗಳು ನಿಂತಿವೆ.

ಮೊದಲು ಅವರು ನೋಡುವುದು ಬಂದೂಕನ್ನಲ್ಲ, ಕಿಟಕಿಯ ಪಕ್ಕದ ಪುಟ್ಟ ಗಡಿಯಾರದಂಥ ಯಂತ್ರವನ್ನು. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಅದು ತೋರಿಸುತ್ತದೆ. ಇವತ್ತು ಐವತ್ತೆರಡು. ಜಯಾ ಅದನ್ನು ಗೋಡೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. "ಐವತ್ತೈದು ದಾಟಿದ್ರ ಕಬ್ಬಿಣಕ್ಕ ತುಕ್ಕು. ನಲವತ್ತೈದಕ್ಕ ಇಳಿದ್ರ ಕಟಿಗಿ ಬಿರಕ ಬಿಡತೈತಿ. ಬಾಣಂತಿ ಕ್ವಾಣಿ ಇದ್ಧಂಗ್ರಿ ಇದು, ಥಂಡೀನೂ ಆಗಬಾರದು, ಝಳಾನೂ ಆಗಬಾರದು," ಎನ್ನುತ್ತಾ ಬಿಳಿಯ ಹತ್ತಿಯ ಕೈಗವಸು ಹಾಕಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ಬಂದೂಕು. ವಾರಕ್ಕೆ ಮೂರು ದಿನ. ಮೂರು ವಾರ ಮುಗಿದು ಸ್ವಲ್ಪ ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರು.

ಉದ್ದ ನಳಿಗೆಯ ಒಂದು ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಊರಿದರೆ ಅದರ ತುದಿ ಜಯಾ ಅವರ ಹುಬ್ಬಿನ ಮಟ್ಟಕ್ಕೆ ಬರುತ್ತದೆ. ತೂಕ ನಾಲ್ಕು ಕಿಲೋ. ಮಗು ಎತ್ತಿದ ಹಾಗೆ ಕುತ್ತಿಗೆಗೆ ಒಂದು ಕೈ, ಬುಡಕ್ಕೆ ಒಂದು ಕೈ ಕೊಟ್ಟು ಮೇಜಿನ ಮೇಲಿನ ಕಂಬಳಿಯ ಮೇಲೆ ಮಲಗಿಸುತ್ತಾರೆ. ಒಣ ಬಟ್ಟೆಯಿಂದ ಒಮ್ಮೆ, ಎಣ್ಣೆ ಸೋಕಿಸಿದ ಬಟ್ಟೆಯಿಂದ ಒಮ್ಮೆ, ಮತ್ತೆ ಒಣ ಬಟ್ಟೆ. ಒಂದು ಬಂದೂಕಿಗೆ ಮೂರೇ ಹನಿ ಎಣ್ಣೆ. ಹೆಚ್ಚಾದರೆ ಮರ ಕುಡಿದು ಕಪ್ಪಾಗುತ್ತದೆ. ಮರಕ್ಕೆ ಮೇಣ ಹಚ್ಚುವುದು ಆರು ತಿಂಗಳಿಗೊಮ್ಮೆ.

ಇವೆಲ್ಲ ಅಮೆರಿಕದ ಸೈನ್ಯದ ಬಂದೂಕುಗಳು. ನೂರೈವತ್ತು ನೂರರವತ್ತು ವರ್ಷಗಳ ಹಿಂದೆ ಅಲ್ಲಿನ ಪಶ್ಚಿಮದ ಬಯಲುಗಳಲ್ಲಿ ಕೋಟೆ ಕಟ್ಟಿಕೊಂಡು ಕೂತಿದ್ದ ಸಿಪಾಯಿಗಳ ಕೈಯಲ್ಲಿದ್ದಂಥವು. ಒಂದೇ ಗುಂಡು ಹಾರಿಸುವ ಕೇಪಿನ ಕೋವಿಗಳು. ಇಷ್ಟು ಹಳೆಯವಕ್ಕೆ ಜರ್ಮನಿಯಲ್ಲಿ ಪರವಾನಗಿ ಬೇಕಿಲ್ಲ, ಬೀಗ ಹಾಕಿಟ್ಟರೆ ಸಾಕು. ಅಮೆರಿಕದ ಕೋವಿ, ಜರ್ಮನಿಯ ಕೊಟ್ಟಿಗೆ, ಒರೆಸುವ ಕೈ ಮಾತ್ರ ಬಾಗಲಕೋಟೆಯದು. ಇದು ಹೇಗಪ್ಪಾ ಒಂದಕ್ಕೊಂದು ಗಂಟು ಬಿತ್ತು ಎಂದು ಕೇಳಿದರೆ ಜಯಾ ನಗುತ್ತಾರೆ. ಅವರ ನಗು ಬೇಗ ಮುಗಿದುಹೋಗುತ್ತದೆ.

ಜಯಾ ಅವರಿಗೆ ಈಗ ಐವತ್ನಾಲ್ಕು. ಬಿ.ಎ. ಓದಿದ್ದಾರೆ, ಇತಿಹಾಸ ಮೇಜರ್. ಗಂಡ ಚೇತನಕುಮಾರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಹಿಂದೆ ಐದು ವರ್ಷದ ಮಗಳು ರಚನಾಳನ್ನು ಎತ್ತಿಕೊಂಡು ಬಂದಿಳಿದವರು ಜಯಾ. ಐದು ವರ್ಷ ಚೆನ್ನಾಗಿಯೇ ಕಳೆಯಿತು. ಆರನೆಯ ವರ್ಷ ಒಂದು ಸೋಮವಾರ ಬೆಳಿಗ್ಗೆ ಚೇತನಕುಮಾರ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಮತ್ತೆ ಏಳಲಿಲ್ಲ. "ಊರಿಗೆ ಬಾ ಅಂತ ಎಲ್ಲಾರೂ ಅಂದ್ರು. ಹುಡುಗಿಗೆ ಕನ್ನಡ ಓದಾಕ ಬರತಿದ್ದಿಲ್ಲ. ಅಕಿನ್ನ ಕರಕೊಂಡು ಹೋಗಿ ಯಾವ ಸಾಲಿಗೆ ಹಾಕಲಿ? ಇಲ್ಲೇ ಉಳದೆ," ಎನ್ನುತ್ತಾರೆ. ಬಾಗಲಕೋಟೆಯ ಬಿ.ಎ.ಗೆ ಇಲ್ಲಿ ಕೆಲಸ ಕೊಡುವವರು ಯಾರು? ಸೂಪರ್ ಮಾರ್ಕೆಟ್ಟಿನ ಬೋರ್ಡಿನಲ್ಲಿ ಈ ಕೊಟ್ಟಿಗೆಯ ಮನೆಯವರು ಒಂದು ಚೀಟಿ ಅಂಟಿಸಿದ್ದರು. ಹಳೆಯ ಮನೆ ಸ್ವಚ್ಛ ಮಾಡಲು ಜನ ಬೇಕು, ಕೈ ಹಗುರ ಇರಬೇಕು ಎಂದು ಅದರಲ್ಲಿತ್ತು. ಹಾಗೆ ಜಯಾ ಪುಟ್ಸ್‌ಫ್ರಾವ್ ಆದರು, ಅಂದರೆ ಮನೆ ಒರೆಸುವಾಕೆ.

ಈ ಸುತ್ತಿನ ಕನ್ನಡಿಗರಲ್ಲಿ ಹೆಚ್ಚಿನವರು ದೊಡ್ಡ ದೊಡ್ಡ ಕಂಪನಿಗಳಲ್ಲಿ ಇರುವವರು. ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಒಬ್ಬರಿಗೊಬ್ಬರು ಕೇಳುವ ಎರಡನೆಯ ಪ್ರಶ್ನೆಯೇ ಯಾವ ಕಂಪನಿ ಎಂಬುದು. ಜಯಾ ಆ ಪ್ರಶ್ನೆ ಬರುವ ಮುಂಚೆ ಅಡುಗೆಯ ಕಡೆಗೆ ಜಾರಿಬಿಡುತ್ತಾರೆ. ರೆನ್ನಿಂಗೆನ್‌ನ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಆಗಿರುವ ವಿಜಯಪುರದ ಮಲ್ಲಿಕಾರ್ಜುನ ಅವರಿಗೆ ಇದು ಗೊತ್ತು. "ಅಕ್ಕಾರಿಗೆ ಆ ಬಂದೂಕಿನ ಇಸವಿ, ಮಾಡೆಲ್ಲು, ನಟ್ಟು, ಬೋಲ್ಟು ಎಲ್ಲಾ ಬಾಯಿಪಾಠ ಐತ್ರಿ. ನಾವೆಲ್ಲಾ ಪಿಪಿಟಿ ನೋಡ್ಕೊಂಡ ಮಾತಾಡೋರು. ಆದ್ರ ಫಂಕ್ಷನ್ನಿನ್ಯಾಗ ಅಕ್ಕಾರು ಪಾಯಸಾ ಬಡಸ್ಕೋತ ಮೂಲ್ಯಾಗ ನಿಂತಿರ್ತಾರ," ಎಂದು ಅವರು ಹೇಳುತ್ತಾರೆ.

ಬಂದೂಕುಗಳ ಯಜಮಾನರು ರೈಖ್ಲೆ. ತೊಂಬತ್ತು ವರ್ಷದ ನಿವೃತ್ತ ಶಾಲಾ ಮಾಸ್ತರು. ಜರ್ಮನರಿಗೆ ಅಮೆರಿಕದ ಪಶ್ಚಿಮದ ಹುಚ್ಚು ಎಷ್ಟೆಂಬುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ವಾರವೆಲ್ಲ ಬ್ಯಾಂಕಿನಲ್ಲಿ ಟೈ ಕಟ್ಟಿ ಕೂತವರು ಶನಿವಾರ ಅಗಲ ಟೋಪಿ, ಚರ್ಮದ ಬೂಟು ಹಾಕಿಕೊಂಡು ಬಯಲಿನಲ್ಲಿ ಬೆಂಕಿ ಹಾಕಿ ಕುಳಿತು ಬೀನ್ಸ್ ಕಾಳು ಬೇಯಿಸುತ್ತಾರೆ. ಮಾಸ್ತರು ಮಾತ್ರ ಆ ಜಾತಿಯವರಲ್ಲ. ಅವರು ಬಂದೂಕು ಕೂಡಿಹಾಕಲು ಶುರುಮಾಡಿದ್ದು ಒಂದು ಹೆಸರಿನ ಹಿಂದೆ ಬಿದ್ದು.

ಆ ಹೆಸರು ಗೊಟ್ಲೀಪ್ ರೈಖ್ಲೆ. ಮಾಸ್ತರ ಮುತ್ತಜ್ಜನ ತಮ್ಮ. ಈ ಹಳ್ಳಿಯ ಬಡಗಿಯ ಕಿರಿಯ ಮಗ. ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋದ, ಅಲ್ಲಿ ಕೆಲಸ ಸಿಗದೆ ಕುದುರೆ ದಂಡು ಸೇರಿದ. ಒಂದು ಕಾಗದ ಬಂತು, ಅದೂ ಈಗ ಉಳಿದಿಲ್ಲ. ಆಮೇಲೆ ಏನೂ ಇಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ, ಹೂಳಿದ ಜಾಗವೂ ಗೊತ್ತಿಲ್ಲ. ಅವನ ತಾಯಿ ಸಾಯುವವರೆಗೂ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳಂತೆ. ಆ ಮಾತನ್ನು ಮಾಸ್ತರು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು.

ನಲವತ್ತು ವರ್ಷಗಳ ಹಿಂದೆ ಅಮೆರಿಕದ ವ್ಯಾಪಾರಿಯೊಬ್ಬ ಕಳಿಸಿದ ಪಟ್ಟಿಯಲ್ಲಿ ಕುದುರೆ ಸವಾರರ ಒಂದು ಗಿಡ್ಡ ಬಂದೂಕಿನ ವಿವರವಿತ್ತು. ಹಿತ್ತಾಳೆಯ ಕಟ್ಟು, ಮರದ ಹಿಡಿಯ ಎಡಮಗ್ಗುಲಿಗೆ ಶಾಯಿಯಲ್ಲಿ ಬರೆದ ಹೆಸರು, ಇಸವಿ. ದಂಡಿನಲ್ಲಿ ಎಲ್ಲರ ಬಂದೂಕೂ ಒಂದೇ ಥರ, ಹಾಗಾಗಿ ತನ್ನದು ಗುರುತು ಸಿಗಲೆಂದು ಹುಡುಗ ಬರೆದುಕೊಂಡಿದ್ದ. ಮಾಸ್ತರು ಎರಡು ವರ್ಷ ಕಾಗದ ಬರೆದು ಬರೆದು ಅದನ್ನು ಊರಿಗೆ ತರಿಸಿದರು. ಚೌಕಟ್ಟಿನಲ್ಲಿ ಅದರ ಸಂಖ್ಯೆ ಹದಿನೇಳು. ಉಳಿದ ಮೂವತ್ತೇಳು ಬಂದೂಕುಗಳು ಅದಕ್ಕೆ ಜೊತೆಯಾಗಿ ಬಂದವು ಅಷ್ಟೆ. ಗೊಟ್ಲೀಪ್ ಎಂಬ ಹುಡುಗ ಈ ಭೂಮಿಯ ಮೇಲೆ ಈ ಊರಿನಾಚೆಗೆ ಇದ್ದ ಎನ್ನುವುದಕ್ಕೆ ಹದಿನೇಳರ ಮೇಲಿನ ಆ ಎರಡು ಸಾಲು ಶಾಯಿಯೊಂದೇ ಸಾಕ್ಷಿ.

ಜಯಾ ಅವರಿಗೆ ಕೆಲಸ ಕಲಿಸಿದವರು ಮಾಸ್ತರ ಹೆಂಡತಿ ಹಿಲ್ಡೆ. ಯಾವ ಬಟ್ಟೆ, ಎಷ್ಟು ಎಣ್ಣೆ, ಹೇಗೆ ಹಿಡಿಯಬೇಕು, ಎಲ್ಲ. ಪ್ರತಿ ಬಂದೂಕಿಗೂ ಒಂದು ರಟ್ಟಿನ ಕಾರ್ಡು ಮಾಡಿ ದುಂಡನೆಯ ಅಕ್ಷರದಲ್ಲಿ ವಿವರ ಬರೆದಿಟ್ಟವರೂ ಅವರೇ. ಒಂದು ಮಾತನ್ನು ಮೊದಲ ದಿನವೇ ಹೇಳಿದ್ದರು: ಹದಿನೇಳಕ್ಕೆ ಒಣ ಬಟ್ಟೆ ಮಾತ್ರ. ಯಾಕೆಂದು ಹೇಳಿರಲಿಲ್ಲ. ಮರ ಮೆತ್ತಗಾಗಿರಬೇಕು ಎಂದುಕೊಂಡು ಜಯಾ ಸುಮ್ಮನಾದರು. ಎರಡು ವರ್ಷದ ನಂತರ ಹಿಲ್ಡೆ ತೀರಿಕೊಂಡರು. ಅಷ್ಟು ಹೊತ್ತಿಗೆ ಮಾಸ್ತರ ಕಣ್ಣು ಹೋಗತೊಡಗಿತ್ತು. ನೋಟದ ಅಂಚು ಕಾಣುತ್ತದೆ, ನಟ್ಟನಡುವೆ ಮಸಿ ಬಳಿದಂತೆ ಕತ್ತಲು. ನಡೆಯಬಲ್ಲರು, ಓದಲಾರರು.

ಅದೇ ವರ್ಷದ ಖಂಡೇಪೂಜೆ. ಹನ್ನೊಂದು ವರ್ಷದ ಹಿಂದಿನ ಮಾತು.

ಇಲ್ಲಿಗೆ ಬಂದು ಜಯಾ ಬಟ್ಟೆಯನ್ನು ಮಡಿಸಿ ಕೆಳಗಿಡುತ್ತಾರೆ. ಕೈಗವಸು ತೆಗೆಯುತ್ತಾರೆ. "ನಮ್ಮ ಮನ್ಯಾಗ ಖಂಡೇಪೂಜಿ ಅಂದ್ರ ದೊಡ್ಡ ಹಬ್ಬಾರಿ. ನಮ್ಮಪ್ಪ ಕುಡಗೋಲು, ಕೊಡ್ಲಿ, ತಕ್ಕಡಿ ಎಲ್ಲಾ ತೊಳದು ಸಾಲಾಗಿ ಇಡತಿದ್ದ. ಇಲ್ಲಿಗೆ ಬಂದ ಮ್ಯಾಲೂ ನಮ್ಮನಿಯವರು ತಮ್ಮ ಅಳತಿ ಸಾಮಾನು ಇಟ್ಟು ವಿಭೂತಿ ಹಚ್ಚತಿದ್ರು. ಅವರು ಹೋದ ಮ್ಯಾಲೆ ಮೂರು ವರ್ಷ ನಾ ಏನೂ ಮಾಡಿದ್ದಿಲ್ಲ. ಅವತ್ತ ಮುಂಜಾನೆ ಇಲ್ಲಿ ಬಾಗಲಾ ತಗದ್ನಿ. ಇಷ್ಟು ಆಯುಧ ನಿಂತಾವ, ಖಂಡೇಪೂಜಿ ದಿನ, ಒಂದಕ್ಕೂ ಒಂದು ಹೂವಿಲ್ಲ."

ಮೂವತ್ತೆಂಟರಲ್ಲಿ ಹಿತ್ತಾಳೆ ಇದ್ದದ್ದು ಹದಿನೇಳಕ್ಕೆ ಮಾತ್ರ. ಅದು ಕಪ್ಪುಗಟ್ಟಿ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಜಗಲಿಯ ಮೇಲೆ ಅಂಥ ಹಿತ್ತಾಳೆಯನ್ನು ಇಡುವ ಹೆಂಗಸು ಬಾಗಲಕೋಟೆ ಜಿಲ್ಲೆಯಲ್ಲೇ ಇಲ್ಲ. ಜಯಾ ಏಷ್ಯನ್ ಅಂಗಡಿಯಿಂದ ತಂದಿದ್ದ ಹುಣಸೆಹಣ್ಣನ್ನು ಬಿಸಿನೀರಲ್ಲಿ ಕಿವುಚಿದರು, ಒಲೆಯ ಬೂದಿ ಬೆರೆಸಿದರು, ದೇವರ ಸಾಮಾನು ತಿಕ್ಕುವಂತೆ ತಿಕ್ಕಿದರು. ಹಿತ್ತಾಳೆ ಹೊನ್ನಿನ ಹಾಗೆ ಬೆಳಗಿತು. ಅದರ ಪಕ್ಕದ ಮರದ ಮೇಲೆ ಕಂದು ಬಣ್ಣದ ಗೀಚು ಗೀಚು ಕಲೆಯಿತ್ತು. ಇಷ್ಟು ಮಾಡಿದ ಮೇಲೆ ಅದೊಂದು ಯಾಕೆ ಎಂದು ಅದನ್ನೂ ತಿಕ್ಕಿದರು. ಹಳೆಯ ಶಾಯಿಗೆ ಹುಳಿಯಂಥ ವೈರಿ ಇನ್ನೊಂದಿಲ್ಲ. ಎರಡು ನಿಮಿಷಕ್ಕೆ ಮರ ಸ್ವಚ್ಛವಾಯಿತು.

ಒರೆಸಿ, ಒಣಗಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ತಮ್ಮ ಬಾಲ್ಕನಿಯ ಕುಂಡದಲ್ಲಿ ಬೆಳೆದ ಒಂದು ಚೆಂಡುಹೂವು ಇಟ್ಟು ಜಯಾ ಕೈಮುಗಿದರು. ಆ ಹೊತ್ತಿಗೆ ಮಾಸ್ತರು ಕೋಲೂರಿಕೊಂಡು ಒಳಗೆ ಬಂದರು. ಇದೇನು ವಾಸನೆ ಎಂದರು. ಜಯಾ ಹೆದರುತ್ತ ಹೆದರುತ್ತ ಪೂಜೆಯ ವಿಷಯ ಹೇಳಿದರು. ಮುದುಕರು ಬೆರಳಿನಿಂದ ತಡವಿದರು, ಹೂವು ಸಿಕ್ಕಿತು. ಬಹಳ ಹೊತ್ತು ಹೂವಿನ ಮೇಲೇ ಬೆರಳಿಟ್ಟುಕೊಂಡು ನಿಂತಿದ್ದರು. "ಇದಕ್ಕ ಇಷ್ಟು ವರ್ಷದಾಗ ಯಾರೂ ಒಂದ ಹೂವ ಇಟ್ಟಿದ್ದಿಲ್ಲ ಫ್ರಾವ್ ಅಂಗಡಿ, ಅಂದ್ರು. ಅವರ ಕಣ್ಣಾಗ ನೀರ ಬಂದಿದ್ವು. ನಾ ಅವತ್ತ ಎಷ್ಟು ಖುಷಿಲೆ ಮನಿಗ ಹೋಗಿನಿ ಗೊತ್ತೇನ್ರಿ?" ಎನ್ನುವಾಗ ಜಯಾ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಾರೆ.

ಒಂದೂವರೆ ತಿಂಗಳ ಮೇಲೆ ನವೆಂಬರ್ ಕೊನೆಯ ಒಂದು ಭಾನುವಾರ ಮಾಸ್ತರು ಅವರನ್ನು ಕರೆಸಿದರು. ಇಲ್ಲಿಯ ಪ್ರಾಟೆಸ್ಟೆಂಟರು ಆ ದಿನವನ್ನು ಟೋಟೆನ್‌ಸೊನ್‌ಟಾಗ್ ಎನ್ನುತ್ತಾರೆ, ಸತ್ತವರ ಭಾನುವಾರ. ಆ ವರ್ಷ ಸತ್ತವರ ಹೆಸರುಗಳನ್ನು ಚರ್ಚಿನಲ್ಲಿ ಓದುತ್ತಾರೆ. ಗೊಟ್ಲೀಪ್‌ನ ಹೆಸರನ್ನು ಯಾವ ಚರ್ಚೂ ಎಂದೂ ಓದಿರಲಿಲ್ಲ. ಅದಕ್ಕೆಂದೇ ಮಾಸ್ತರ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಚರ್ಚಿನಿಂದ ಬಂದ ಮೇಲೆ ಅವರು ಹದಿನೇಳನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದು, ಹಿಲ್ಡೆ ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುವುದು. ಹಿಲ್ಡೆ ಹೋದ ಮೇಲಿನ ಮೊದಲ ಟೋಟೆನ್‌ಸೊನ್‌ಟಾಗ್ ಅದು. ಓದಲು ಅವರ ಬಳಿ ಇದ್ದವರು ಜಯಾ ಒಬ್ಬರೇ.

ಮುದುಕರು ಇಡೀ ಕಥೆ ಹೇಳಿದರು. ಹಡಗು, ದಂಡು, ತಾಯಿ ಇಡುತ್ತಿದ್ದ ತಟ್ಟೆ. ಎಡಮಗ್ಗುಲಿನ ಮರದ ಮೇಲೆ ಬೆರಳಿಟ್ಟು, ಇಲ್ಲಿದೆ, ಓದಿ ಎಂದರು. "ನಾ ನೋಡ್ತೀನಿ, ಬರೇ ಕಟಿಗಿ. ನನಗ ಎಲ್ಲಾ ತಿಳೀತು. ಓದೂ ಚಾಳೀಸ ಬ್ಯಾಗಿನ್ಯಾಗ ಉಳದೈತಿ, ತರತೀನಿ ಅಂದೆ. ಹೊರಗ ಬಂದು ಹಿಲ್ಡೆ ಅವರ ಕಾರ್ಡಿನ ಡಬ್ಬಿ ತಗದೆ. ಹದಿನೇಳನೇ ಕಾರ್ಡ್ ಮ್ಯಾಲ ಹೆಸರ ಇತ್ತು. ನಾಕ ಸಲ ಓದಿ ಬಾಯಿಪಾಠ ಮಾಡ್ಕೊಂಡ್ನಿ. ಒಳಗ ಹೋಗಿ ಕಟಿಗಿ ನೋಡ್ಕೋತ ಹೇಳಿದ್ನಿ. ಗೊಟ್ಲೀಪ್ ರೈಖ್ಲೆ, ಸಾವಿರದ ಎಂಟನೂರಾ ಅರವತ್ತೇಳು."

ಮುದುಕರು ತಲೆಬಾಗಿ ಆಮೆನ್ ಎಂದರು.

ಅಂದಿನಿಂದ ಪ್ರತಿ ವರ್ಷ, ಮರದ ಮೇಲೆ ಇಲ್ಲದ ಹೆಸರನ್ನು ಜಯಾ ಓದಿದ್ದಾರೆ. ಮಳೆಯಿರಲಿ ಹಿಮವಿರಲಿ, ರಚನಾಳ ಪರೀಕ್ಷೆಯಿರಲಿ, ಆ ಭಾನುವಾರ ತಪ್ಪಿಸಿಲ್ಲ. ಒಮ್ಮೆ ಜ್ವರದಲ್ಲಿ ನಡುಗುತ್ತ ಬಂದು ಓದಿ ಹೋದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವರು ನೆಪ ಹುಡುಕುವುದಿಲ್ಲ. "ಮೊದಲನೇ ವರ್ಷ ಕೆಲಸಾ ಹೋಗತೈತಿ ಅಂತ ಹೇಳಲಿಲ್ಲ. ಹುಡುಗಿ ಸಣ್ಣಾಕಿ ಇದ್ಳು. ಎರಡನೇ ವರ್ಷ, ಮೊದಲನೇ ವರ್ಷ ಹೇಳಲಿಲ್ಲಲ್ಲಾ ಅಂತ ಹೇಳಲಿಲ್ಲ. ಆಮ್ಯಾಲ ಅದು ಹಂಗ ಹಳೇದಾತು." ಹದಿನೇಳಕ್ಕೆ ಒಣ ಬಟ್ಟೆ ಮಾತ್ರ ಎಂಬ ಹಿಲ್ಡೆಯ ಮಾತು ಮಾತ್ರ ಪ್ರತಿದಿನ ಕಿವಿಯಲ್ಲಿ ಕೇಳುತ್ತದಂತೆ. "ಅವರು ಹೇಳಿದ್ರು. ನಾ ಕೇಳಲಿಲ್ಲ," ಎಂದು ಎರಡು ಸಲ ಹೇಳುತ್ತಾರೆ.

ಹೆಸರಿನ ಫೋಟೋ ಒಂದಾದರೂ ಇರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲ. ತೆಗೆದಿಡೋಣ ಎಂದು ಹಿಲ್ಡೆ ಹೇಳಿದಾಗಲೆಲ್ಲ ಮಾಸ್ತರು, ಬಂದೂಕೇ ಮನೆಯಲ್ಲಿರುವಾಗ ಫೋಟೋ ಯಾಕೆ ಎನ್ನುತ್ತಿದ್ದರಂತೆ. ವ್ಯಾಪಾರಿ ಕಳಿಸಿದ ಒಂದು ಕಪ್ಪು ಬಿಳುಪು ಚಿತ್ರವಿದೆ. ಅದರಲ್ಲಿ ಬಂದೂಕಿನ ಬಲಮಗ್ಗುಲು ಕಾಣುತ್ತದೆ. ಅವನ ಪಟ್ಟಿ, ಕಾಗದಗಳು ಎಂದೋ ಕಳೆದುಹೋಗಿವೆ.

ಈ ಜನವರಿಯಲ್ಲಿ ಮಾಸ್ತರು ಜಾರಿಬಿದ್ದು ಸೊಂಟ ಮುರಿದುಕೊಂಡರು. ಈಗ ಅವರು ಪಟ್ಟಣದ ಪ್ಫ್ಲೇಗೆಹೈಮ್‌ನಲ್ಲಿ, ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿ ಇದ್ದಾರೆ. ಮಕ್ಕಳಿಲ್ಲ. ದೂರದಲ್ಲಿರುವ ಅಣ್ಣನ ಮಗ ಮನೆ, ಕೊಟ್ಟಿಗೆ ಎಲ್ಲ ಮಾರಲು ನಿಶ್ಚಯಿಸಿದ್ದಾನೆ. ಬಂದೂಕುಗಳು ಹರಾಜಿಗೆ. ಮಾಸ್ತರು ಅದಕ್ಕೆಲ್ಲ ಹೂಂ ಎಂದರು, ಒಂದನ್ನು ಬಿಟ್ಟು. ಹದಿನೇಳನ್ನು ಊರಿನ ಪುಟ್ಟ ಮ್ಯೂಸಿಯಮ್ಮಿಗೆ ಕೊಡಬೇಕು, ಗೊಟ್ಲೀಪ್‌ನ ಹೆಸರು ಅವನು ಹುಟ್ಟಿದ ಊರಲ್ಲಿ ಗಾಜಿನ ಹಿಂದೆ ಉಳಿಯಬೇಕು. ಬಹಳ ವರ್ಷಗಳಿಂದ ಅವರಿಗೆ ಬೇಕಿದ್ದದ್ದು ಅದೊಂದೇ. ಮ್ಯೂಸಿಯಮ್ಮಿನವರು ಜೂನ್‌ನಲ್ಲಿ ಬಂದು ನೋಡುತ್ತೇವೆ ಎಂದು ಕಾಗದ ಬರೆದರು. ಆ ಕಾಗದವನ್ನು ಮಾಸ್ತರಿಗೆ ಓದಿ ಹೇಳಿದವರು ಜಯಾ.

ಮ್ಯೂನಿಕ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ ಮೊದಲ ಬಾರಿಗೆ ಎಲ್ಲ ಹೇಳಿಕೊಂಡರು. ರಚನಾಳಿಗೆ ಈಗ ಇಪ್ಪತ್ನಾಲ್ಕು. "ಅಮ್ಮಾ, ಇಟ್ಸ್ ಜಸ್ಟ್ ಅ ಗನ್. ಹಿ ಇಸ್ ನೈಂಟಿ. ಯಾಕ ಹೇಳ್ತಿ ಈಗ? ಲಾಸ್ ಎಸ್, ಬಿಟ್ಟುಬಿಡು," ಎಂದಳು ಹುಡುಗಿ. ತಾಯಿಯ ಮೇಲಿನ ಮರುಕಕ್ಕೇ ಹಾಗೆಂದಳು, ತಪ್ಪೇನಿಲ್ಲ. ಆದರೆ ಬೇರೆ ಯಾರೋ ಬಂದು, ಇಲ್ಲಿ ಹೆಸರೇ ಇಲ್ಲವಲ್ಲ ಎಂದು ಮುದುಕರಿಗೆ ಹೇಳುವುದನ್ನು ಜಯಾ ಸಹಿಸಲಾರದೆ ಹೋದರು. ಮೇ ತಿಂಗಳ ಒಂದು ಶನಿವಾರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿಬಿಟ್ಟರು. ಹುಣಸೆಹಣ್ಣು, ಬೂದಿ, ಹೂವು, ಕಾರ್ಡು, ಹನ್ನೊಂದು ನವೆಂಬರು.

"ಅವರು ಬೈತಾರ ಅಂತ ತಯಾರಾಗಿ ಹೋಗಿದ್ನಿ. ಬೈದಿದ್ರ ಛಲೋ ಇತ್ತು. ಅವರು ಅತ್ತರು. ಸಣ್ಣ ಕೂಸಿನಗತೆ ಬಾಯಿ ತಗದು ಅತ್ತರು. ಅರ್ಧಾ ತಾಸು. ಅಂವಾ ಇದ್ದ, ಅಂವಾ ಇದ್ದ ಅಂತ ಅದೊಂದ ಮಾತು. ನರ್ಸ್ ಬಂದು ನನ್ನ ಹೊರಗ ಕಳಿಸಿದ್ಳು."

ಆ ವಾರ ಜಯಾ ಅವರಿಗೆ ಊಟ ಸೇರಲಿಲ್ಲ. ಹೀಗಿದ್ದೂ ಮುಂದಿನ ಶನಿವಾರ ಹೋದರು, ಏನಾದರಾಗಲಿ ಎಂದು. ಮಾಸ್ತರು ಅವರ ಹೆಜ್ಜೆಯ ಸದ್ದು ಗುರುತಿಸಿ ಮುಖ ತಿರುಗಿಸಿದರು, ನಕ್ಕರು. ಬನ್ನಿ ಫ್ರಾವ್ ಅಂಗಡಿ, ಹದಿನೇಳರ ಹೆಸರು ಚೆನ್ನಾಗಿದೆ ತಾನೇ ಎಂದು ಕೇಳಿದರು. ಸೊಂಟ ಮುರಿದ ಮೇಲೆ ಅವರ ನೆನಪು ಹಳೆಯದನ್ನಷ್ಟೇ ಹಿಡಿದುಕೊಳ್ಳುತ್ತದೆ, ಹೊಸದನ್ನು ಹಿಡಿಯುವುದಿಲ್ಲ. ನರ್ಸುಗಳಿಗೆ ಗೊತ್ತಿತ್ತು, ಜಯಾ ಅವರಿಗೆ ಅಷ್ಟು ತಿಳಿದಿರಲಿಲ್ಲ. ಹನ್ನೊಂದು ವರ್ಷ ಹೊತ್ತು ಕೊನೆಗೂ ಇಳಿಸಿದ್ದ ಭಾರ ಮತ್ತೆ ಅವರ ತಲೆಯ ಮೇಲೇ ಬಂದು ಕೂತಿತು.

ಸುಳ್ಳಾಡಲು ಮನಸ್ಸು ಬರಲಿಲ್ಲ. ಅವತ್ತೂ ಎಲ್ಲವನ್ನೂ ಹೇಳಿದರು. ಮುದುಕರಿಗೆ ಅದು ಹೊಚ್ಚಹೊಸ ಸುದ್ದಿ. ಅದೇ ಅಳು, ಅದೇ ಮಾತು, ಅದೇ ಅರ್ಧ ಗಂಟೆ. ಮೂರನೆಯ ಶನಿವಾರ ಅವರು ಮತ್ತೆ ನಗುತ್ತ ಕೇಳಿದರು. ಜಯಾ ಅವರ ಕೈ ಹಿಡಿದುಕೊಂಡು, ಇದೆ, ಚೆನ್ನಾಗಿದೆ ಎಂದರು. "ನನ್ನ ಪಾಪ ಹಗರಾಗ್ಲಿ ಅಂತ ವಾರಕ್ಕೊಮ್ಮೆ ಆ ಹುಡುಗನ್ನ ಸಾಯಿಸಲೇನ್ರಿ ಆ ಮುದುಕರ ಕೈಯಾಗ? ಅಷ್ಟು ಕಟಕತನ ನನ್ನಿಂದ ಆಗಲಿಲ್ಲ," ಎನ್ನುತ್ತಾರೆ.

ಜೂನ್‌ನಲ್ಲಿ ಮ್ಯೂಸಿಯಮ್ಮಿನ ಹೆಂಗಸು ಬಂದರು. ಒಳ್ಳೆಯವರು, ನಿಧಾನಸ್ಥರು. ಜಯಾ ಆಕೆಗೆ ಮೊದಲೇ ಎಲ್ಲ ತಿಳಿಸಿದರು. ಆಕೆ ನೇರಳೆ ಬೆಳಕಿನ ಒಂದು ದೀಪ ತಂದಿದ್ದರು, ಮಾಸಿದ ಶಾಯಿ ಕೆಲವೊಮ್ಮೆ ಅದರಲ್ಲಿ ಕಾಣುತ್ತದಂತೆ. ಕೊಟ್ಟಿಗೆಯ ದೀಪ ಆರಿಸಿ, ಇಬ್ಬರೂ ತಲೆಗೆ ತಲೆ ತಾಗಿಸಿ ಆ ಅಂಗೈ ಅಗಲದ ಮರವನ್ನು ಮುಕ್ಕಾಲು ಗಂಟೆ ನೋಡಿದರು. ಒಂದು ಮೋಡದಂಥ ಕಲೆ ಬಿಟ್ಟರೆ ಏನೂ ಕಾಣಲಿಲ್ಲ. ಕಾರ್ಡಿನ ಮೇಲೆ ಹಿಲ್ಡೆ ಬರೆದದ್ದು ಇದೆಯಲ್ಲ ಎಂದು ಜಯಾ ಅಂಗಲಾಚಿದರು. ಮನೆಯವರು ಬರೆದದ್ದು ಸಾಕ್ಷಿಯಾಗುವುದಿಲ್ಲ ಎಂದು ಆಕೆ ಬಹಳ ಮೆತ್ತಗೆ ಹೇಳಿದರು. ಹೆಸರಿಲ್ಲದಿದ್ದರೆ ಅದು ಇಂಥ ಸಾವಿರಾರು ಬಂದೂಕುಗಳಲ್ಲಿ ಒಂದು, ನಮ್ಮಂಥ ಸಣ್ಣ ಊರಿನ ಮ್ಯೂಸಿಯಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ ಎಂದು ಹೊರಟುಹೋದರು. ಈಗ ಹದಿನೇಳಕ್ಕೂ ಹರಾಜಿನವರ ಚೀಟಿ ಅಂಟಿದೆ. ಹಿತ್ತಾಳೆ ಉಜ್ಜಲಾಗಿದೆ, ಗುರುತುಗಳಿಲ್ಲ ಎಂದು ಅದರಲ್ಲಿ ಟೈಪು ಮಾಡಿದ್ದಾರೆ.

ಹರಾಜು ಅಕ್ಟೋಬರ್ ಕೊನೆಗೆ. ಅಲ್ಲಿಯವರೆಗೆ ಕೆಲಸ ಇದೆ, ಆಮೇಲೆ ಇಲ್ಲ. ಹಾಗೆಂದು ಜಯಾ ಒಂದು ದಿನವೂ ತಡವಾಗಿ ಬಂದಿಲ್ಲ. ಹೇಗೂ ಮಾರಿಹೋಗುವ ಬಂದೂಕುಗಳನ್ನು ಇಷ್ಟು ಜೋಪಾನ ಮಾಡುವುದೇಕೆ ಎಂದರೆ, "ಬ್ಯಾರೆ ಮನಿಗ ಹೋಗೂ ಹೊತ್ತಿನ್ಯಾಗ ತುಕ್ಕ ಹಿಡದು ಹೋಗಬೇಕೇನ್ರಿ?" ಎಂದು ತಿರುಗಿ ಕೇಳುತ್ತಾರೆ. ಈ ನಳಿಗೆಗಳು ಯಾರ ಯಾರ ಮನೆ ಹಾಳು ಮಾಡಿದವೋ ಎಂಬ ಯೋಚನೆಯೂ ಅವರಿಗೆ ಬಾರದೇ ಇಲ್ಲ. ಆ ಬಯಲಿನಲ್ಲಿ ಮೊದಲಿಂದ ಬದುಕಿದ್ದ ಜನರ ಬಗ್ಗೆ ಗ್ರಂಥಾಲಯದ ಪುಸ್ತಕ ತಂದು ಓದಿದ್ದಾರೆ. "ಅವರ ಹೆಸರನೂ ಯಾರೂ ಬರದಿಟ್ಟಿಲ್ಲ. ಎರಡೂ ಕಡೀಂದೂ ಬಡವರ ಮಕ್ಕಳ ಸತ್ತಾರ," ಎನ್ನುತ್ತ ನಾಲ್ಕನೆಯ ಬಂದೂಕನ್ನು ಚೌಕಟ್ಟಿಗೆ ಮರಳಿಸುತ್ತಾರೆ.

ಇವತ್ತು ಶನಿವಾರ. ಕೆಲಸ ಮುಗಿಸಿ ಜಯಾ ಪ್ಫ್ಲೇಗೆಹೈಮ್‌ಗೆ ಹೋಗುವ ಬಸ್ಸು ಹತ್ತುತ್ತಾರೆ. ಎರಡನೆಯ ಮಹಡಿ, ಕಿಟಕಿಯ ಪಕ್ಕದ ಮಂಚ. ಮಾಸ್ತರು ಹೊದಿಕೆಯ ಮೇಲೆ ಎರಡೂ ಅಂಗೈ ಮೇಲ್ಮುಖ ಮಾಡಿ ಕೂತಿದ್ದಾರೆ, ತೊಡೆಯ ಮೇಲೆ ಏನೋ ಮಲಗಿಸಿಕೊಂಡಂತೆ. ಅಲ್ಲಿ ಏನೂ ಇಲ್ಲ. ಈಗ ಅವರಿಗೆ ಪ್ರತಿ ಶನಿವಾರವೂ ಟೋಟೆನ್‌ಸೊನ್‌ಟಾಗ್. ಓದಿ ಫ್ರಾವ್ ಅಂಗಡಿ ಎನ್ನುತ್ತಾರೆ. ಜಯಾ ಕುರ್ಚಿ ಹತ್ತಿರ ಎಳೆದುಕೊಂಡು, ಆ ಖಾಲಿ ಅಂಗೈಗಳ ಕಡೆ ಬಾಗಿ, ಒಂದೊಂದು ಅಕ್ಷರವೂ ಕೇಳುವಂತೆ ಓದುತ್ತಾರೆ. ಗೊಟ್ಲೀಪ್ ರೈಖ್ಲೆ. ಸಾವಿರದ ಎಂಟುನೂರ ಅರವತ್ತೇಳು. ಮುದುಕರ ಮುಖ ಹಗುರಾಗುತ್ತದೆ. ಮ್ಯೂಸಿಯಮ್ಮಿನವರು ತೆಗೆದುಕೊಂಡರೇ ಎಂದು ಕೇಳುತ್ತಾರೆ. ತೆಗೆದುಕೊಂಡರು ಎಂದು ಜಯಾ ಹೇಳುತ್ತಾರೆ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ, ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ಮೊದಲು ಚೀಲದಿಂದ ಬಸ್ಸಿನ ಪಾಸು ಹುಡುಕಿ ತೆಗೆಯುತ್ತಾರೆ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಅವಸರದಲ್ಲಿ ಹೇಳುತ್ತಾರೆ:

"ನನ್ನ ಹೊಗಳಿ ಬರೀಬ್ಯಾಡ್ರಿ. ನೀವು ಅದಕ್ಕ ಬಂದೀರಿ, ಗೊತ್ತೈತಿ. ಆದ್ರ ನಾ ನಿಮಗ ಬರ್ರಿ ಅಂದದ್ದು ಬ್ಯಾರೆದಕ್ಕ. ಆ ಹುಡುಗನ ಹೆಸರ ಬರೀರಿ, ಒಂದಕ್ಷರ ತಪ್ಪಬ್ಯಾಡ್ರಿ. ಅಳಿಸಿದಾಕಿ ಹೆಸರೂ ಅದರ ಬಾಜೂ ಬರೀರಿ. ನಾ ಎರಡ ಸಲ ಖರೇ ಹೇಳಿದ್ನಿ, ಎರಡೂ ಸಲ ಅವರಿಗ ನೆನಪ ಉಳೀಲಿಲ್ಲ. ಎಲ್ಲೆರ ಒಂದ ಕಡೆ ಉಳೀಬೇಕಲ್ರಿ."